ನಿಂಬಿಕಾಯಿ ಬೂಷ್ಟಿಗೆ ಬ್ಯಾಸಿಲಸ್ ಸಬ್ಟಿಲಿಸ್, ನಾ ಬಳಸಿ ನೋಡೀನಿ (5 ಸ್ಟಾರಿಗೆ 4)

ಅಫಜಲಪುರ ಕಡಿ ನಮ್ದು ಎರಡ ಎಕರೆ ನಿಂಬಿ ತೋಟ ಅದ. ಮಳಿಗಾಲದಾಗ ಕಾಯಿ ಹರದು ರೇಟ್ ಬರ್ಲಿ ಅಂತ ನಾಕ್ ದಿನ ಚೀಲದಾಗ ಇಟ್ರ ಸಾಕು, ಒಂದು ಕಾಯಿ ತೊಟ್ಟಿನ ಹತ್ರ ಮೆತ್ತಗಾಗಿ ಮೊದಲು ಬೆಳ್ಳನ ಬೂಷ್ಟು, ಆಮ್ಯಾಲ ಅದರ ಮ್ಯಾಲ ಹಸರ ಪುಡಿ, ಚೀಲ ಬಿಚ್ಚಿದ್ರ ಹೊಗಿ ಎದ್ದಂಗ ಏಳ್ತದ, ಬಾಜೂಕಿನ ಕಾಯೀನೂ ಹೋದ್ವು. ಪೆನಿಸಿಲಿಯಂ ಅಂತಾರ ಇದಕ್ಕ. ಹರಿಯೋವಾಗ ಮುಳ್ಳು ಗೀರಿರ್ತದಲ್ಲ, ಆ ಗಾಯದಾಗಿಂದನ ಒಳಗ ಹೋಗ್ತದ.

ಕಾರ್ಬೆಂಡೆಜಿಮ್ ಅನ್ನೋ ಬೂಷ್ಟಿನ ಔಷಧ ಹೊಡದು ಹೊಡದು ಬೂಷ್ಟಿಗೆ ಅದು ರೂಢಿ ಆಗಿಬಿಡ್ತದ, ತಿನ್ನೋ ಕಾಯಿಗೆ ವಿಷ ಹಚ್ಚಾಕ ಮನಸ್ಸೂ ಬರಲ್ಲ. ಅದಕ್ಕ ಈ ಸಲ ಕಲಬುರಗಿಯಿಂದ ಬ್ಯಾಸಿಲಸ್ ದ್ರಾವಣ (ಬೂಷ್ಟು ತಡಿಯೋ ಬ್ಯಾಕ್ಟೀರಿಯಾ ಇರೋದು) ತಂದೆ, ಲೀಟರ್ 350 ರೂಪಾಯಿ. ಮೊದಲ್ನೇ ಬಾಟ್ಲಿ ದಂಡ ಆತು. ಅಂಗಡಿಯವ್ರು ಬಾಗಲಾಗ ಬಿಸಿಲಿಗೇ ಇಟ್ಟಿದ್ರು, ತಾರೀಖೂ ಮುಗದಿತ್ತು. "ಅಣ್ಣಾರ, ಇದ್ರಾಗ ಜೀವ ಅದ, ನೆರಳಾಗ ಇಡ್ರಿ" ಅಂತ ಹೇಳಿ ಬೇರೆ ಕಡಿ ತಗೊಂಡೆ.

ಹರದ ದಿನ ಸಂಜೀಕೇ ಬೋರಿನ ನೀರಾಗ ಲೀಟರಿಗೆ 10 ಎಂಎಲ್ ಕಲಸಿ (ಬ್ಲೀಚಿಂಗ್ ಹಾಕಿದ ನಳದ ನೀರು ಬ್ಯಾಡ) ಕಾಯಿ ಎರಡ ನಿಮಿಷ ಅದ್ದಿ, ಬೇವಿನ ನೆರಳಾಗ ತಟ್ಟಿನ ಮ್ಯಾಲ ಹರವಿ ಪೂರಾ ಒಣಗ್ಸಿ ಕ್ರೇಟಿಗೆ ತುಂಬಿದೆ. ಬಾಜೂಕ ಅದ್ದಲಾರದ ಕಾಯೀನೂ ಅಷ್ಟೇ ಇಟ್ಟಿದ್ದೆ. ಹತ್ತ ದಿನಕ್ಕ ನೂರರಾಗ ಅದ್ದಲಾರದ್ದು 31 ಕೆಟ್ಟಿದ್ವು, ಅದ್ದಿದ್ದು 9. ಖರೇನ ಕಣ್ಣಾಗ ನೀರ್ ಬಂತು ರೀ ನಂಗ.

ಇದು ಕೆಲಸ ಮಾಡೋದು ಹೆಂಗಂದ್ರ, ಬೂಷ್ಟಿಗಿಂತ ಮುಂಚೆ ಹೋಗಿ ಗಾಯದಾಗ ಕುಂತು ಅಲ್ಲಿನ ಸಕ್ಕರಿ ತಾನೇ ತಿಂತದ, ಮ್ಯಾಲ ಇಟುರಿನ್ ಅನ್ನೋ ರಸಾಯನ ಹೊರಗ ಬಿಟ್ಟು ಬೂಷ್ಟಿನ ಜೀವಕೋಶ ಒಡೀತದ. 1984ರಾಗೇ ಅಮೆರಿಕಾದ ಪ್ಯೂಸಿ, ವಿಲ್ಸನ್ ಅನ್ನೋ ವಿಜ್ಞಾನಿಗಳು ಪೀಚ್ ಹಣ್ಣಿನ ಕೊಳೆಗೆ ಇದೇ ಬ್ಯಾಕ್ಟೀರಿಯಾ ಹಚ್ಚಿ ತೋರ್ಸಿದ್ರು. ಆದ್ರ ಬೂಷ್ಟು ಒಳಗ ಹೋದ ಮ್ಯಾಲ ಇದ್ರಿಂದ ಏನೂ ಉಪಯೋಗ ಆಗಲ್ಲ, ಮೂರನೇ ದಿನ ಅದ್ದಿದ ಒಂದು ಕ್ರೇಟ್ ನಂದು ಹಂಗೇ ಹೋತು.

ಒಂದು ಸ್ಟಾರ್ ಕಡಿಮಿ ಯಾಕಂದ್ರ ಬಾಟ್ಲಿ ಮ್ಯಾಲ ಗಿಡಕ್ಕ ಹೊಡಿಯೋ ಲೆಕ್ಕ ಅಷ್ಟೇ ಅದ, ಹರದ ಕಾಯಿ ಅದ್ದೋದಕ್ಕ ಒಂದ ಸಾಲೂ ಇಲ್ಲ, 10 ಎಂಎಲ್ ನಾ ಅಂದಾಜಿನ ಮ್ಯಾಲ ಹಾಕಿದ್ದು. ನೀವು ಮಾಡೂ ಮುಂಚೆ ಕೃಷಿ ವಿಜ್ಞಾನ ಕೇಂದ್ರದಾಗ ಒಮ್ಮೆ ಕೇಳ್ರಿ, ಮೊದಲು ಒಂದೇ ಕ್ರೇಟಿಗೆ ಮಾಡಿ ನೋಡ್ರಿ.