ವಿಜಿಎ ಔಟ್‌ಪುಟ್: ರೆಸಿಸ್ಟರ್ ಸಾಕೇ, ವಿಡಿಯೋ ಡ್ಯಾಕ್ ಚಿಪ್ ಬೇಕೇ?

ತುಮಕೂರಿನ ಕೊನೇ ವರ್ಷದ ಇಂಜಿನಿಯರಿಂಗ್ ಹುಡುಗರ ಪ್ರಶ್ನೆ: ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ಆಗಿ ಹೊಂದಿಸಿಕೊಳ್ಳಬಹುದಾದ ಚಿಪ್) ಬೋರ್ಡಿನಿಂದ ವಿಜಿಎ, ಅಂದರೆ ಅನಲಾಗ್ ಕೇಬಲ್ಲಿನ ಮಾನಿಟರ್‌ಗೆ ಚಿತ್ರ ಕಳಿಸಲು ಪಿನ್ನಿಗೆ ರೆಸಿಸ್ಟರ್ ಹಾಕೋಣವೋ, ಡಿಜಿಟಲ್ ಅಂಕಿಯನ್ನು ಅನಲಾಗ್ ಸಿಗ್ನಲ್ ಮಾಡುವ ವಿಡಿಯೋ ಡ್ಯಾಕ್ ಚಿಪ್ ಎಡಿವಿ 7123 ತರೋಣವೋ?

ದುಡ್ಡು ನೋಡಿದರೆ ರೆಸಿಸ್ಟರೇ. ಊರಲ್ಲೇ ಸಿಗುತ್ತದೆ. ಚಿಪ್ಪಿಗೆ ಆನ್‌ಲೈನ್ ಆರ್ಡರ್, ಇಲ್ಲವೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್ ಅಲೆದಾಟ. 48 ಕಾಲಿನ ಸರ್ಫೇಸ್ ಮೌಂಟ್ ಆದ್ದರಿಂದ ಬ್ರೆಡ್‌ಬೋರ್ಡ್‌ನಲ್ಲಿ ಕೂರುವುದಿಲ್ಲ, ಪಿಸಿಬಿ ಖರ್ಚೂ ಬೀಳುತ್ತದೆ.

ಚಿತ್ರದ ಗುಣಮಟ್ಟಕ್ಕೆ ಬಂದಾಗ ಲೆಕ್ಕ ತಿರುಗುತ್ತದೆ. ಮಾನಿಟರಿನೊಳಗೆ ಪ್ರತಿ ಬಣ್ಣಕ್ಕೂ 75 ಓಮ್ ಇದೆ, ಪೂರ್ತಿ ಹೊಳಪಿಗೆ 0.7 ವೋಲ್ಟ್ ಬೇಕು. 3.3 ವೋಲ್ಟ್ ಪಿನ್ನಿಗೆ ಸರಣಿಯಲ್ಲಿ 270 ಓಮ್ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಕೆಂಪು, ಹಸಿರು, ನೀಲಿಗೆ ಒಂದೊಂದು ಪಿನ್, ಆನ್ ಇಲ್ಲವೇ ಆಫ್: ಎಂಟು ಬಣ್ಣ ಸಿಕ್ಕವು. ಬಣ್ಣಕ್ಕೆ 4 ಬಿಟ್ ಬೇಕೆಂದರೆ ನಾಲ್ಕು ಪಿನ್ನಿಗೆ ಕ್ರಮವಾಗಿ 510 ಓಮ್, 1ಕೆ (ಸಾವಿರ ಓಮ್), 2ಕೆ, 3.9ಕೆ ಹಾಕಿ ಇನ್ನೊಂದು ತುದಿಗಳನ್ನು ಒಟ್ಟಿಗೆ ಜೋಡಿಸಿ. 8 ಬಿಟ್‌ಗೆ ಹೋದಿರೋ, ಶೇ. 1ರ ರೆಸಿಸ್ಟರಿನ ವ್ಯತ್ಯಾಸವೇ ಕೆಳಗಿನ ಬಿಟ್‌ಗಳನ್ನು ನುಂಗಿಬಿಡುತ್ತದೆ.

ಚಿಪ್ ಕೊಡುವುದು ವೋಲ್ಟೇಜ್ ಅಲ್ಲ, ಕರೆಂಟ್. ಅದರ ಪಕ್ಕದಲ್ಲೇ ಗ್ರೌಂಡಿಗೆ 75 ಓಮ್ ಹಾಕಬೇಕು. ಮಾನಿಟರಿನದೂ ಸೇರಿ 37.5 ಓಮ್, ಅಂದರೆ 0.7 ವೋಲ್ಟ್‌ಗೆ ಸುಮಾರು 18.7 ಮಿಲಿಆಂಪ್. ಕೇಬಲ್ಲಿನ ಎರಡೂ ತುದಿಯಲ್ಲಿ 75 ಓಮ್ ಹೊಂದುವುದರಿಂದ ಉದ್ದ ಕೇಬಲ್‌ನಲ್ಲೂ ಅಂಚಿನ ನೆರಳು ಕಾಡದು. ಚಿಪ್ಪಿನ ಅನಲಾಗ್ ಸಪ್ಲೈಗೆ ಗದ್ದಲ ತಡೆಯುವ ಫೆರೈಟ್ ಬೀಡ್, ಪಿನ್ ಪಕ್ಕ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮಾತ್ರ ಮರೆಯಬೇಡಿ. ಈ ಉಸಾಬರಿ ರೆಸಿಸ್ಟರಿಗಿಲ್ಲ.

640×480ರಲ್ಲಿ ಆಟ, ಅಕ್ಷರ, ಗ್ರಾಫ್ ತೋರಿಸುವುದಾದರೆ ನಾನು ಚಿಪ್ಪಿನ ತಂಟೆಗೇ ಹೋಗೆನು. ಕ್ಯಾಮೆರಾ ಚಿತ್ರವಾದರೆ ಚಿಪ್ ತನ್ನಿ. 1920×1080, 60 ಹರ್ಟ್ಸ್‌ಗೆ 148.5 ಮೆಗಾಹರ್ಟ್ಸ್ ಕ್ಲಾಕ್ ಬೇಕು, ಚಿಪ್ಪಿನ 140 ಮೆಗಾಹರ್ಟ್ಸ್ ವೇಗದ ಗ್ರೇಡ್ ಸಾಲದು, 240ರದ್ದು ಕೇಳಿ.