3060 ಅಂದರೆ ಒಂದೇ ಕಾರ್ಡ್ ಅಲ್ಲ, ದುಡ್ಡು ಕೊಡೋ ಮುಂಚೆ ಇದನ್ನು ಓದಿ

ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋಕೆ ಹೊರಟಿದ್ದೀರಾ? ಐದು ನಿಮಿಷ ನಿಂತು ಇದನ್ನು ಓದಿ. ನನಗೆ ಆದದ್ದು ನಿಮಗೆ ಆಗಬಾರದು.

ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಎಲಿವೇಶನ್ ಮಾಡಿಕೊಡುತ್ತೇನೆ. ಮನೆ ಕಟ್ಟಿಸುವವರಿಗೆ ಅದು ಮುಂದೆ ಹೇಗೆ ಕಾಣುತ್ತದೆ ಅಂತ ತ್ರೀಡಿಯಲ್ಲಿ ತೋರಿಸುವ ಕೆಲಸ. ಬ್ಲೆಂಡರ್ ಅನ್ನೋ ತ್ರೀಡಿ ಪ್ರೋಗ್ರಾಂನಲ್ಲಿ ಮಾಡಿ, ರಾತ್ರಿ ರೆಂಡರ್‌ಗೆ, ಅಂದರೆ ಕೊನೆಯ ಚಿತ್ರ ತಯಾರಾಗೋಕೆ, ಹಾಕಿ ಮಲಗುತ್ತೇನೆ. ಹಳೆಯ 4 ಜಿಬಿ ಕಾರ್ಡ್ ಸಾಲುತ್ತಿರಲಿಲ್ಲ. ಮೂರು ತಿಂಗಳು ದುಡ್ಡು ಕೂಡಿಸಿ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060 ತರೋಣ ಅಂತ ಬೆಳಗಾವಿಗೆ ಹೋದೆ.

ಅಂಗಡಿಯವರು ಹೇಳಿದ್ದು ಇಷ್ಟು: "12 ಜಿಬಿದು ಸ್ಟಾಕ್ ಇಲ್ರೀ. 8 ಜಿಬಿದು ಐತಿ. ಕಾರ್ಡ್ ಅದ ರೀ, ಮೆಮೊರಿ ಅಷ್ಟ ಕಡಿಮಿ. ಸ್ಪೀಡ್ ಎರಡಕ್ಕೂ ಒಂದ." ಬೆಲೆಯೂ 2,000 ರೂಪಾಯಿ ಕಡಿಮೆ. ನಂಬಲಿ ಅಂತ ಫೋನಿನಲ್ಲಿ ಎರಡೂ ಕಾರ್ಡ್‌ಗಳ ಸ್ಪೆಸಿಫಿಕೇಶನ್ ಅಕ್ಕಪಕ್ಕ ಇಟ್ಟು ತೋರಿಸಿದರು. ಕುಡಾ ಕೋರ್, ಅಂದರೆ ಲೆಕ್ಕ ಮಾಡುವ ಸಣ್ಣ ಘಟಕ, 3584, ಇಲ್ಲೂ 3584. ಬೂಸ್ಟ್ ಕ್ಲಾಕ್, ಅಂದರೆ ಜೋರಾಗಿ ಓಡುವಾಗಿನ ವೇಗ, 1.78 ಗಿಗಾಹರ್ಟ್ಜ್, ಇಲ್ಲೂ ಅಷ್ಟೇ. ಕರೆಂಟು 170 ವ್ಯಾಟ್, ಅದೂ ಸಮ. ಅಲ್ಲಿಗೆ ಫೋನು ಜೇಬಿಗೆ ಹೋಯಿತು. ಇನ್ನೂ ಎರಡು ಸಾಲು ಕೆಳಗೆ ನೋಡಿದ್ದರೆ ನಾನು ಆ ಡಬ್ಬಿಯನ್ನು ಮುಟ್ಟುತ್ತಿರಲಿಲ್ಲ.

ಮೊದಲ ವಾರ ಚೆನ್ನಾಗಿತ್ತು. ಸಣ್ಣ ಮನೆಗಳು, ಒಂದು ಗೇಟು, ಎರಡು ಗಿಡ. ಆಮೇಲೆ ನವನಗರದ ಒಂದು ದೊಡ್ಡ ಕೆಲಸ ಬಂತು. ಪೂರ್ತಿ ಕಾಂಪೌಂಡು, ಹುಲ್ಲು, ಸಾಲು ಮರ, ಕಲ್ಲಿನ ಗೋಡೆಗೆ ದೊಡ್ಡ ದೊಡ್ಡ ಟೆಕ್ಸ್ಚರ್ (ಮೇಲೆ ಹೊದಿಸುವ ಚಿತ್ರ). ರಾತ್ರಿ ರೆಂಡರ್ ಹಾಕಿ ಮಲಗಿ ಬೆಳಗ್ಗೆ ಎದ್ದು ನೋಡಿದರೆ ಪರದೆಯ ಮೇಲೆ ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡಿನ, ಮೆಮೊರಿ ಮುಗಿದಿದೆ ಅಂತ ಒಂದು ಸಾಲು, ಚಿತ್ರ ಖಾಲಿ. ಮರ ಕಡಿಮೆ ಮಾಡಿದೆ, ಟೆಕ್ಸ್ಚರ್ ಚಿಕ್ಕದು ಮಾಡಿದೆ, ಹುಲ್ಲು ತೆಗೆದೆ. ಕೊನೆಗೆ ಹೇಗೋ ಮುಗಿಯಿತು, ಆದರೆ ಪಾರ್ಟಿಗೆ ತೋರಿಸುವಂತೆ ಇರಲಿಲ್ಲ. ಅದೇ ಫೈಲನ್ನು ಬೆಳಗಾವಿಯ ಟಿಳಕವಾಡಿಯಲ್ಲಿರುವ ಗೆಳೆಯನಿಗೆ ಕಳಿಸಿದೆ. ಅವನ ಹತ್ತಿರ 12 ಜಿಬಿಯ 3060. ಹುಲ್ಲು, ಮರ ಎಲ್ಲ ಇದ್ದಂತೆಯೇ ಒಂದೇ ಸಲಕ್ಕೆ ಬಂತು. ಆ ಚಿತ್ರ ನೋಡಿ ನನಗೆ ಖುಷಿಗಿಂತ ಸಂಕಟವೇ ಜಾಸ್ತಿ ಆಯಿತು.

ಆಗ ಕೂತು ಸರಿಯಾಗಿ ಓದಿದೆ. 12 ಜಿಬಿಯದು 2021ರ ಫೆಬ್ರವರಿಯಲ್ಲಿ ಬಂದದ್ದು, 8 ಜಿಬಿಯದು 2022ರ ಅಕ್ಟೋಬರ್‌ನಲ್ಲಿ. ಹೆಸರು ಅದೇ. ಆದರೆ ಮೆಮೊರಿ ಬಸ್ ಅಂತ ಒಂದು ಸಾಲು ಇರುತ್ತದೆ ನೋಡಿ, ಅಂದರೆ ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿಯ ಅಗಲ, ಮೊದಲನೆಯದರಲ್ಲಿ 192 ಬಿಟ್, ಎರಡನೆಯದರಲ್ಲಿ 128 ಬಿಟ್. ಲೆಕ್ಕ ಸುಲಭ. ಬಸ್ಸಿನ ಅಗಲವನ್ನು 8ರಿಂದ ಭಾಗಿಸಿ, ಮೆಮೊರಿಯ ವೇಗದಿಂದ ಗುಣಿಸಿ. ಎರಡರಲ್ಲೂ ಮೆಮೊರಿ ವೇಗ ಸೆಕೆಂಡಿಗೆ 15 ಗಿಗಾಬಿಟ್. ಹಾಗಾಗಿ ಒಂದರಲ್ಲಿ ಸೆಕೆಂಡಿಗೆ 360 ಜಿಬಿ ಹರಿಯುತ್ತದೆ, ಇನ್ನೊಂದರಲ್ಲಿ 240. ಮೂರರಲ್ಲಿ ಒಂದು ಪಾಲೇ ಹೋಯಿತು! ಜಾಗ ಕಡಿಮೆ ಅನ್ನೋದು ಒಂದು ಏಟು, ದಾರಿಯೂ ಕಿರಿದು ಅನ್ನೋದು ಇನ್ನೊಂದು. "ಸ್ಪೀಡ್ ಒಂದ" ಅಂದ ಮಾತು ಸುಳ್ಳು.

ನಮ್ಮ ಮುಧೋಳ, ಜಮಖಂಡಿ ಕಡೆ ಕಬ್ಬಿನ ಸೀಸನ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಎರಡು ಸಕ್ಕರೆ ಕಾರ್ಖಾನೆ ಇವೆ ಅನ್ನಿ. ಕಬ್ಬು ಅರೆಯುವ ಮಿಷನ್ನು ಎರಡರಲ್ಲೂ ಒಂದೇ. ಆದರೆ ಒಂದರಲ್ಲಿ ಟ್ರ್ಯಾಕ್ಟರ್ ತೂಗೋ ಕಾಟಾ ಮೂರು, ಇನ್ನೊಂದರಲ್ಲಿ ಎರಡೇ. ಕಬ್ಬು ನಿಲ್ಲಿಸೋ ಅಂಗಳವೂ ಚಿಕ್ಕದು. ಮಿಷನ್ ಎಷ್ಟೇ ಗಟ್ಟಿ ಇದ್ದರೂ ಟ್ರ್ಯಾಕ್ಟರ್ ಸಾಲು ರಸ್ತೆಗೆ ಬಂದು ನಿಲ್ಲುತ್ತದೆ, ಅಲ್ವಾ? ಕೋರ್ ಅನ್ನೋದು ಆ ಮಿಷನ್ನು, ಬಸ್ ಅನ್ನೋದು ಕಾಟಾ, ಮೆಮೊರಿ ಅನ್ನೋದು ಅಂಗಳ. ನಾವೆಲ್ಲ ಮಿಷನ್ನಿನ ನಂಬರ್ ನೋಡಿ ದುಡ್ಡು ಕೊಟ್ಟು ಬರುತ್ತೇವೆ.

ವಾಪಸ್ ಕೊಡೋಕೆ ಹೋದೆ. ಸೀಲ್ ಒಡೆದಿದೆ, ಕಾರ್ಡ್ ಕೆಟ್ಟಿಲ್ಲ, ತಗೊಳ್ಳಲ್ಲ ಅಂದರು. ನನ್ನ ಬಿಲ್ಲಿನಲ್ಲಿ "ಆರ್‌ಟಿಎಕ್ಸ್ 3060 ಕಾರ್ಡ್ - 1" ಅಂತ ಮಾತ್ರ ಇತ್ತು. ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಆದರೆ ಅವರು ಬಾಯಲ್ಲಿ ಏನು ಹೇಳಿದರು ಅಂತ ತೋರಿಸೋಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಬಿಲ್ಲಿನಲ್ಲಿ ಪೂರ್ತಿ ಬರೆಸಿ: ಮಾಡೆಲ್ ನಂಬರ್, ಎಷ್ಟು ಜಿಬಿ, ಎಷ್ಟು ಬಿಟ್. ಬರೆಯೋಕೆ ಒಲ್ಲೆ ಅಂದರೆ ಆ ಅಂಗಡಿ ಬಿಟ್ಟು ಬನ್ನಿ. ಮನೆಗೆ ಬಂದ ದಿನವೇ ಜಿಪಿಯು-ಝಡ್ ಅನ್ನೋ ಪುಕ್ಕಟೆ ಪ್ರೋಗ್ರಾಂ ಹಾಕಿ 'ಬಸ್ ವಿಡ್ತ್' ಸಾಲು ನೋಡಿ. ವಾರಗಟ್ಟಲೆ ಬಿಡಬೇಡಿ.

ಇದು 3060 ಒಂದರದ್ದೇ ಕಥೆ ಅಲ್ಲ. ಜಿಟಿಎಕ್ಸ್ 1060 ಕೂಡ ಎರಡು ಥರ ಇತ್ತು, 6 ಜಿಬಿಯದರಲ್ಲಿ 1280 ಕೋರ್, 3 ಜಿಬಿಯದರಲ್ಲಿ 1152. ಜಿಟಿ 1030 ಅಂತೂ ಇನ್ನೂ ಕೆಟ್ಟದು. ಜಿಡಿಡಿಆರ್5 ಅನ್ನೋ ಥರದ ಮೆಮೊರಿ ಇರುವುದಕ್ಕೆ ಸೆಕೆಂಡಿಗೆ 48 ಜಿಬಿ, ಡಿಡಿಆರ್4 ಅನ್ನೋದು ಇರುವುದಕ್ಕೆ 17 ಜಿಬಿಯೂ ಇಲ್ಲ. ಎರಡರಲ್ಲೂ 2 ಜಿಬಿ ಮೆಮೊರಿ, ಡಬ್ಬಿ ನೋಡಿದರೆ ಬೇಗ ಗೊತ್ತೂ ಆಗಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳೋ ಕಾಲೇಜ್ ಹುಡುಗರು ಇದರಲ್ಲಿ ಜಾಸ್ತಿ ಸಿಕ್ಕಿಬೀಳುತ್ತಾರೆ.

ಮೊನ್ನೆ ನಮ್ಮ ಓಣಿಯ ಒಬ್ಬ ಇಂಜಿನಿಯರಿಂಗ್ ಹುಡುಗ ಬಂದಿದ್ದ. "ಅಣ್ಣಾ, ಈ ಕೊಟೇಶನ್ ಒಮ್ಮೆ ನೋಡ್ರೀ" ಅಂದ. "ಆರ್‌ಟಿಎಕ್ಸ್ 3050" ಅಂತ ಮಾತ್ರ ಇತ್ತು. ಅದರಲ್ಲೂ ಎರಡಿವೆ. 8 ಜಿಬಿಯದು 2560 ಕೋರ್, 128 ಬಿಟ್. 2024ರಲ್ಲಿ ಬಂದ 6 ಜಿಬಿಯದು 2304 ಕೋರ್, 96 ಬಿಟ್. 6 ಜಿಬಿಯದು ಕೆಟ್ಟ ಕಾರ್ಡ್ ಅಂತ ನಾನು ಹೇಳಲ್ಲ. ಅದಕ್ಕೆ 70 ವ್ಯಾಟ್ ಸಾಕು, ಬೇರೆ ಪವರ್ ವೈರ್ ಇಲ್ಲದೆ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಆದರೆ ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತ ಮೊದಲೇ ಗೊತ್ತಿರಬೇಕು. ಅವನ ಎದುರೇ ಅಂಗಡಿಗೆ ಫೋನ್ ಮಾಡಿಸಿದೆ. ಎಷ್ಟು ಜಿಬಿ, ಎಷ್ಟು ಬಿಟ್ ಅಂತ ಕೇಳಿದ. "ಬರೆದು ಕಳಸ್ತೀವಿ" ಅಂದರು. ನಾಲ್ಕು ದಿನ ಆಯಿತು, ಇನ್ನೂ ಬಂದಿಲ್ಲ. ಹುಡುಗ ಅಡ್ವಾನ್ಸ್ ಕೊಟ್ಟಿಲ್ಲ.