ಫೈಬರ್ ಎಳೆಯುವುದೋ, ನಿಸ್ತಂತು ಸಂಪರ್ಕ ಕೊಡುವುದೋ?

ಹೊಸ ಪ್ರದೇಶಕ್ಕೆ ಬ್ರಾಡ್‌ಬ್ಯಾಂಡ್ ಒದಗಿಸಲು ಹೊರಟ ಸಣ್ಣ ಸಂಸ್ಥೆ ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ.

ಫೈಬರ್‌ನಲ್ಲಿ ದುಬಾರಿಯಾದದ್ದು ಗಾಜಿನ ಎಳೆಯಲ್ಲ, ನೆಲ ಅಗೆಯುವ ಕೆಲಸ. ರಸ್ತೆ ಅಗೆದು, ಕೊಳವೆ ಹೂತು, ಮತ್ತೆ ಮುಚ್ಚುವುದಕ್ಕೇ ಬಂಡವಾಳದ ಸಿಂಹಪಾಲು ಹೋಗುತ್ತದೆ. ಬೀದಿಯಲ್ಲಿ ಹತ್ತು ಮನೆಯವರು ಚಂದಾದಾರರಾದರೂ ನಲವತ್ತು ಮನೆಯವರಾದರೂ ಆ ಖರ್ಚು ಒಂದೇ. ಆದ್ದರಿಂದ ಎಷ್ಟು ಮನೆಗಳ ಮುಂದೆ ಕೇಬಲ್ ಹಾದುಹೋಯಿತು ಎಂಬುದಕ್ಕಿಂತ ಎಷ್ಟು ಮನೆಗಳು ಸಂಪರ್ಕ ಪಡೆದವು ಎಂಬುದೇ ಲಾಭನಷ್ಟವನ್ನು ನಿರ್ಧರಿಸುತ್ತದೆ.

ನಿಸ್ತಂತುವಿನ ಲೆಕ್ಕ ಬೇರೆ. ಗೋಪುರ ಎದ್ದರೆ ಸುತ್ತಲಿನವರೆಲ್ಲ ವ್ಯಾಪ್ತಿಗೆ ಬರುತ್ತಾರೆ. ಮನೆಯ ಉಪಕರಣದ ಖರ್ಚು ಗ್ರಾಹಕ ಸೇರಿದಾಗ ಮಾತ್ರ. ಆರಂಭಕ್ಕೆ ಇದು ಹಗುರ. ಆದರೆ ರಾತ್ರಿ ಎಲ್ಲರೂ ಒಟ್ಟಿಗೆ ವಿಡಿಯೊ ನೋಡಲು ಕುಳಿತಾಗ ಒಂದೇ ತರಂಗಾಂತರವನ್ನು ಹಂಚಿಕೊಳ್ಳಬೇಕು, ವೇಗ ಕುಸಿಯುತ್ತದೆ. ಜಾಲವನ್ನು ಕಟ್ಟಬೇಕಾದದ್ದು ಸರಾಸರಿ ಬಳಕೆಗಲ್ಲ, ಈ ದಟ್ಟಣೆಯ ಗಂಟೆಗೆ. ಗ್ರಾಹಕರು ಹೆಚ್ಚಿದಂತೆ ಇನ್ನಷ್ಟು ಗೋಪುರ, ಇನ್ನಷ್ಟು ತರಂಗಾಂತರ ಬೇಕಾಗುತ್ತದೆ.

ಫೈಬರ್‌ನಲ್ಲೂ ಹಂಚಿಕೆಯಿದೆ. ಒಂದೇ ಎಳೆ ಕವಲೊಡೆದು ಹಲವು ಮನೆಗಳಿಗೆ ಹೋಗುವ ಜಿಪಾನ್ (GPON) ಎಂಬ ಬಗೆಯ ಜಾಲದಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಆದರೆ ಎರಡೂ ತುದಿಗಳ ಉಪಕರಣ ಬದಲಿಸಿದರೆ ಅದೇ ಎಳೆಯಲ್ಲಿ 10 ಗಿಗಾಬಿಟ್ ಹರಿಯುತ್ತದೆ, ಮತ್ತೆ ಅಗೆಯಬೇಕಿಲ್ಲ. ನನ್ನ ಮಟ್ಟಿಗೆ ಫೈಬರ್‌ನ ನಿಜವಾದ ಬಲ ಇದೇ.

ಮನೆಗಳು ಒತ್ತೊತ್ತಾಗಿದ್ದು, ದೀರ್ಘಾವಧಿಯ ಸಾಲ ಸಿಗುವುದಾದರೆ ಫೈಬರ್ ಆರಿಸಿ. ಮನೆಗಳು ಚದುರಿದ್ದು, ಬೇಡಿಕೆಯ ಅಂದಾಜು ಸಿಗದಿದ್ದರೆ ನಿಸ್ತಂತುವಿನಿಂದ ಆರಂಭಿಸುವುದು ಮೇಲು. ಒಂದು ಮಾತು: ಬೇರೆಯವರ ಕಂಬವೋ ಕೊಳವೆಯೋ ಬಾಡಿಗೆಗೆ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಸಿಕ್ಕರೆ ಅಗೆತದ ಖರ್ಚು ಇಳಿದು, ಚದುರಿದ ಪ್ರದೇಶದಲ್ಲೂ ಫೈಬರ್ ಗಿಟ್ಟಬಹುದು.